ಪಿಚ್ ಮೇಲಿನ ಗುರುತು, ಬೌಲರ್ ಕೈ, ಮತ್ತೆ ಸ್ಕಿಪ್ ಬಟನ್

ಹೊಸ ಕ್ರಿಕೆಟ್ ವಿಡಿಯೋ ಗೇಮ್ ಬರುತ್ತೆ ಅಂದ ತಕ್ಷಣ ನಮ್ಮ ಗ್ಯಾಂಗಲ್ಲಿ ಶುರುವಾಗೋ ಮಾತು ಯಾವಾಗ್ಲೂ ಒಂದೇ. ಮುಖಗಳು ಹೆಂಗಿವೆ, ಬುಮ್ರಾ ಬುಮ್ರಾ ಥರಾನೇ ಓಡಿ ಬರ್ತಾನಾ, ಐಪಿಎಲ್ ಟೀಮ್‌ಗಳು ಇವೆಯಾ, ಜೆರ್ಸಿ ಒರಿಜಿನಲ್ಲಾ, ಕಾಮೆಂಟರಿ ಯಾರ್ದು. ಟ್ರೈಲರನ್ನ ನಿಲ್ಲಿಸಿ ನಿಲ್ಲಿಸಿ ನೋಡ್ತಾರೆ, ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕ್ತಾರೆ. ಆಮೇಲೆ ಗೇಮ್ ಬರುತ್ತೆ, ದುಡ್ಡು ಕೊಟ್ಟು ತಗೋತಾರೆ, ಮೊದಲ ಒಂದೆರಡು ಮ್ಯಾಚು ಎಲ್ಲಾನೂ ಕಣ್ಣರಳಿಸಿ ನೋಡ್ತಾರೆ, ಟಾಸು, ಆಟಗಾರರು ಮೆಟ್ಟಿಲಿಳಿದು ಬರೋದು, ಮೇಲಿಂದ ಡ್ರೋನಲ್ಲಿ ತೋರಿಸೋ ಸ್ಟೇಡಿಯಮ್ಮು, ಎಲ್ಲಾ. ಒಂದು ವಾರ ಕಳೆಯೋದ್ರೊಳಗೆ ಅದೇ ಜನ ಅದೇ ದೃಶ್ಯ ಬಂದಾಗ ಟಪಟಪ ಅಂತ ಬಟನ್ ಒತ್ತಿ ಹಾರಿಸ್ತಾ ಇರ್ತಾರೆ. ನಾನೂ ಹಾರಿಸ್ತೀನಿ, ಹೆಬ್ಬೆರಳು ತಾನಾಗೇ ಹೋಗುತ್ತೆ. ತುಂಬ ದಿನದಿಂದ ನನ್ನ ತಲೇಲಿ ಕೊರೀತಾ ಇರೋದು ಇದು. ಅಷ್ಟೊಂದು ಆಸೆಪಟ್ಟು ಕಾಯೋ ಸಂಗತೀನ ನಾವು ಅಷ್ಟು ಬೇಗ ನೋಡದೇ ಬಿಡ್ತೀವಿ ಅಂದ್ರೆ, ನಮಗೆ ನಿಜವಾಗ್ಲೂ ಬೇಕಾಗಿರೋದು ಏನು?

ಗೇಮ್‌ಪ್ಲೇ, ಅಂದ್ರೆ ಆಡೋ ಅನುಭವ ಮುಖ್ಯಾನಾ, ಪ್ರೆಸೆಂಟೇಶನ್, ಅಂದ್ರೆ ತೆರೆ ಮೇಲಿನ ತೋರಿಕೆ ಮುಖ್ಯಾನಾ ಅನ್ನೋ ಜಗಳ ಹಳೇದು. ಒಂದು ಗುಂಪು ಹೇಳುತ್ತೆ, ಬಾಲ್ ಬಾಲ್ ಥರ ಇರ್ಬೇಕು, ಎಡ್ಜ್ ಆಗ್ಬೇಕು, ಐದನೇ ದಿನ ಸ್ಪಿನ್ ತಿರುಗ್ಬೇಕು, ಮಿಕ್ಕಿದ್ದೆಲ್ಲ ಅಲಂಕಾರ ಅಂತ. ಇನ್ನೊಂದು ಗುಂಪು ಹೇಳುತ್ತೆ, ಟೀವೀಲಿ ಮ್ಯಾಚ್ ನೋಡಿದ ಫೀಲ್ ಬರ್ದಿದ್ರೆ ಅದೆಂಥಾ ಕ್ರಿಕೆಟ್ ಗೇಮ್ ಅಂತ. ನಾನು ತುಂಬ ಕಾಲ ಮೊದಲನೇ ಗುಂಪಲ್ಲಿದ್ದೆ, ಈಗ್ಲೂ ಒಂದನ್ನೇ ಆರಿಸ್ಕೋ ಅಂದ್ರೆ ಅಲ್ಲೇ ಹೋಗ್ತೀನಿ. ಆದ್ರೆ ಆಡ್ತಾ ಆಡ್ತಾ ಅನ್ಸಿದ್ದೇನಂದ್ರೆ ಗೆರೆ ಎಳೆದಿರೋ ಜಾಗಾನೇ ಸರಿಯಿಲ್ಲ. ತೆರೆ ಮೇಲೆ ತೋರಿಸೋದ್ರಲ್ಲಿ ಕೆಲವು ಮುಂದಿನ ಬಾಲನ್ನ ನಾನು ಹೆಂಗೆ ಆಡ್ತೀನಿ ಅನ್ನೋದನ್ನ ಬದಲಾಯಿಸುತ್ತೆ, ಅದನ್ನ ಯಾರೂ ಸ್ಕಿಪ್ ಮಾಡಲ್ಲ. ಮಿಕ್ಕಿದ್ದು ಎಷ್ಟೇ ಚೆಂದ ಇದ್ರೂ ಒಂದು ವಾರಕ್ಕೆ ಹೋಗುತ್ತೆ.

ಎಲ್ಲರ ಕಣ್ಣೂ ನೆಲದ ಮೇಲೆ

ಇಎ ಸ್ಪೋರ್ಟ್ಸ್‌ನ ಕ್ರಿಕೆಟ್ 07 ಬಗ್ಗೆ ಯಾರಿಗೂ ಪೀಠಿಕೆ ಹಾಕ್ಬೇಕಾಗಿಲ್ಲ. 2006ರ ಕೊನೆಗೆ ಬಂದ ಆ ಗೇಮು ನಮ್ಮೂರ ಸೈಬರ್ ಸೆಂಟರ್‌ಗಳಲ್ಲಿ ಅದಾದ್ಮೇಲೆ ಎಷ್ಟೋ ವರ್ಷ ಓಡ್ತು. ಮಾಡಿದ್ದು ಕೆನಡಾದ ನೋವಾ ಸ್ಕಾಟಿಯಾದಲ್ಲಿರೋ ಎಚ್‌ಬಿ ಸ್ಟುಡಿಯೋಸ್, ಕಾಮೆಂಟರಿ ರಿಚಿ ಬೆನೋ ಮತ್ತೆ ಮಾರ್ಕ್ ನಿಕೋಲಸ್. ಆಸ್ಟ್ರೇಲಿಯಾ ಇಂಗ್ಲೆಂಡ್ ಬಿಟ್ರೆ ನಮ್ಮ ಟೀಮಿಗೆ ಲೈಸೆನ್ಸ್, ಅಂದ್ರೆ ನಿಜವಾದ ಹೆಸರು ಜೆರ್ಸಿ ಬಳಸೋ ಅನುಮತಿ, ಇರ್ಲಿಲ್ಲ, ಹೆಸರುಗಳೆಲ್ಲ ತಿರುಚಿ ಇಟ್ಟಿದ್ರು, ಹಾಗಾಗಿ ಗೇಮ್ ಹಾಕಿದ್ಮೇಲೆ ಮೊದಲ ಕೆಲಸ ಹೆಸರು ಸರಿ ಮಾಡೋದು. ಆಮೇಲೆ ಯಾರೋ ಎಲ್ಲಿಂದಾನೋ ಪ್ಯಾಚ್, ಅಂದ್ರೆ ಗೇಮಿಗೆ ಮೇಲಿಂದ ಸೇರಿಸೋ ಫೈಲು, ತರ್ತಿದ್ರು, ಐಪಿಎಲ್ ಬಂದ್ಮೇಲಂತೂ ಪ್ರತಿ ವರ್ಷ ಹೊಸ ಜೆರ್ಸಿ, ಹೊಸ ಟೀಮು, ಹೊಸ ಮೆನು ಹಾಡು. ಗೇಮ್ ಒಳಗಿರೋದು ಆಟ ನಡೆಸೋ ಅದೇ ಹಳೇ ಎಂಜಿನ್, ಮೇಲೆ ಬಟ್ಟೆ ಮಾತ್ರ ವರ್ಷ ವರ್ಷ ಬೇರೆ.

ಹಾಸನದಲ್ಲಿ ಕಾಲೇಜ್ ಪಕ್ಕದ ಒಂದು ಸೈಬರಲ್ಲಿ ನೋಡಿದ್ದು ನನಗೆ ಇವತ್ತಿಗೂ ಹಂಗೇ ನೆನಪಿದೆ. ನಮ್ಮ ಏರಿಯಾದ ಟೆನಿಸ್ ಬಾಲ್ ಟೀಮಲ್ಲಿ ಓಪನಿಂಗ್ ಆಡ್ತಿದ್ದ ಒಬ್ಬ ಅಣ್ಣ ಇದ್ದ, ಸುತ್ತಮುತ್ತ ಯಾವ ಟೂರ್ನಮೆಂಟ್ ಇದ್ರೂ ಅವನ ಆಟ ನೋಡೋಕೇ ಜನ ಬರೋರು. ಅವನು ಒಂದು ದಿನ ಯಾರನ್ನೋ ಹುಡುಕ್ಕೊಂಡು ಸೈಬರಿಗೆ ಬಂದ, ನಾವು ಬಿಡ್ಲಿಲ್ಲ, ಕೂರಿಸಿ ಕೀಬೋರ್ಡ್ ಕೈಗೆ ಕೊಟ್ವಿ. ಮೊದಲ ಬಾಲ್ ಬೌಲ್ಡ್, ಎರಡನೇದೂ ಬೌಲ್ಡ್, ಮೂರನೇದು ಎಲ್ಲೋ ಹೋಯ್ತು ಇವನೆಲ್ಲೋ ಹೊಡೆದ. ಹಿಂದೆ ನಿಂತಿದ್ದ ಹೈಸ್ಕೂಲ್ ಹುಡುಗರು ಅವನಿಗೆ ಹೇಳಿಕೊಡ್ತಾರೆ, ಅಣ್ಣಾ ಬೌಲರ್ ನೋಡ್ಬೇಡ, ನೆಲ ನೋಡಣ್ಣ, ಅಲ್ಲಿ ಗುರುತು ಬರುತ್ತಲ್ಲ ಬಾಲ್ ಅಲ್ಲೇ ಬೀಳೋದು ಅಂತ. ಅಣ್ಣನ ಕಣ್ಣು ಮಾತ್ರ ಪ್ರತಿ ಸಲ ಬೌಲರ್ ಕಡೇನೇ ಹೋಗ್ತಿತ್ತು, ಯಾಕಂದ್ರೆ ಅವನು ಹುಟ್ಟಿದಾಗಿಂದ ಬ್ಯಾಟಿಂಗ್ ಮಾಡಿರೋದೇ ಹಂಗೆ. ಕೊನೆಗೆ ಅಭ್ಯಾಸ ಆಯ್ತು, ಗುರುತು ನೋಡಿ ಸಿಕ್ಸ್ ಮೇಲೆ ಸಿಕ್ಸ್ ಹೊಡೆಯೋಕೆ ಶುರು ಮಾಡಿದ, ಎರಡು ಓವರ್ ಹೊಡೆದು ಕೀಬೋರ್ಡ್ ಸರಿಸಿ ಎದ್ದ. ಇದ್ರಲ್ಲಿ ಬೌಲರ್ ಯಾಕೋ ಬೇಕು ಅಂತ ಕೇಳಿದ.

ಅವನು ಕೇಳಿದ್ದು ಬೇಜಾರಲ್ಲಿ, ನನಗೆ ಮಾತ್ರ ಆ ಪ್ರಶ್ನೆ ಗೇಮ್ ಡಿಸೈನ್ ಬಗ್ಗೆ ಯಾರೂ ಕೇಳದೇ ಇರೋ ಅಷ್ಟು ಒಳ್ಳೇ ಪ್ರಶ್ನೆ ಅನ್ಸುತ್ತೆ. ಪಿಚ್ ಮೇಲೆ ಬಾಲ್ ಬೀಳೋ ಜಾಗ ಮೊದ್ಲೇ ತೋರಿಸಿಬಿಟ್ರೆ ಬೌಲರ್ ಓಡಿ ಬರೋದು, ಅವನ ಕೈ ತಿರುಗೋದು, ಅವನ ಮುಖ, ಅವನ ಜೆರ್ಸಿ, ಇದ್ಯಾವುದನ್ನೂ ಬ್ಯಾಟ್ಸ್‌ಮನ್ ನೋಡೋ ಅಗತ್ಯ ಇಲ್ಲ. ಆ ಆ್ಯಕ್ಷನ್ ಮಾಡೋಕೆ ಒಬ್ಬ ಅನಿಮೇಟರ್ ಎಷ್ಟು ರಾತ್ರಿ ಕೂತಿದ್ದಾನೋ. ಆಡೋನ ಕಣ್ಣು ಮಾತ್ರ ನೆಲದ ಮೇಲಿನ ಒಂದು ಚುಕ್ಕೆ ಮೇಲೆ. ಆ ಕಾಲದ ಗೇಮ್‌ಗಳಲ್ಲಿ ಹೆಚ್ಚುಕಮ್ಮಿ ಇದೇ ಪದ್ಧತಿ. ಕೋಡ್‌ಮಾಸ್ಟರ್ಸ್‌ನ ಬ್ರಯಾನ್ ಲಾರಾ ಸರಣಿ ಇತ್ತಲ್ಲ, ನಮ್ಮಲ್ಲಿ ಅದರ 2007ರ ಗೇಮು ಯುವರಾಜ್ ಸಿಂಗ್ ಹೆಸರಲ್ಲಿ ಬಂತು, ಆಸ್ಟ್ರೇಲಿಯಾದಲ್ಲಿ ರಿಕಿ ಪಾಂಟಿಂಗ್ ಹೆಸರಲ್ಲಿ, ಒಳಗಿರೋದು ಒಂದೇ ಗೇಮು. ಕವರ್ ಮೇಲೆ ಯಾರ ಮುಖ ಅನ್ನೋದು ಮಾರೋಕೆ ಎಷ್ಟು ಮುಖ್ಯ, ಆಡೋಕೆ ಎಷ್ಟು ಕಮ್ಮಿ ಅನ್ನೋದು ಅದೊಂದ್ರಲ್ಲೇ ಗೊತ್ತಾಗುತ್ತೆ.

ಕೈ ನೋಡು

2014ರಲ್ಲಿ ಡಾನ್ ಬ್ರಾಡ್ಮನ್ ಕ್ರಿಕೆಟ್ 14 ಬಂತು, ಮೆಲ್ಬರ್ನ್‌ನ ಬಿಗ್ ಆ್ಯಂಟ್ ಸ್ಟುಡಿಯೋಸ್‌ದು. ನೋಡೋಕೆ ಸಾಧಾರಣ. ದೊಡ್ಡ ಟೀಮ್‌ಗಳ ಲೈಸೆನ್ಸ್ ಇಲ್ಲ, ಹೆಸರುಗಳೆಲ್ಲ ಯಾರ್ಯಾರೋ, ಅದಕ್ಕೆ ಅವರು ಒಂದು ಒಳ್ಳೇ ದಾರಿ ಹುಡುಕಿದ್ರು, ಆಟಗಾರರನ್ನ ತಯಾರಿಸೋ ಅಕಾಡೆಮಿ ಅನ್ನೋ ಭಾಗಾನ ಗೇಮಿಗಿಂತ ಮೊದ್ಲೇ ಜನರ ಕೈಗೆ ಕೊಟ್ಟುಬಿಟ್ರು, ಗೇಮ್ ಬರೋ ಹೊತ್ತಿಗೆ ಅಭಿಮಾನಿಗಳೇ ಟೀಮ್‌ಗಳನ್ನೆಲ್ಲ ಮಾಡಿ ಇಟ್ಟಿದ್ರು. ಕಾಮೆಂಟರಿ ಸಪ್ಪೆ, ಜನಜಂಗುಳಿ ಸಪ್ಪೆ. ಆದ್ರೆ ಬೌಲರ್ ಓಡಿ ಬರ್ತಿರುವಾಗ ನೆಲದ ಮೇಲೆ ಆ ಗುರುತು ಇರ್ಲಿಲ್ಲ. ಕಂಟ್ರೋಲರಿನ ಎಡಗಡೆ ಸ್ಟಿಕ್ಕಲ್ಲಿ ಕಾಲು, ಬಲಗಡೆ ಸ್ಟಿಕ್ಕಲ್ಲಿ ಬ್ಯಾಟು. ಕಾಲು ಮುಂದೋ ಹಿಂದೋ ಅನ್ನೋದನ್ನ ನೀನೇ ತೀರ್ಮಾನ ಮಾಡ್ಬೇಕು, ಅದೂ ಬಾಲ್ ಕೈ ಬಿಟ್ಟ ಮೇಲೆ.

ಆಗ ನಾನು ಬೆಂಗಳೂರಲ್ಲಿ ವಿಜಯನಗರದ ಒಂದು ಬಾಡಿಗೆ ಮನೇಲಿದ್ದೆ, ಜೊತೆಗಿದ್ದ ಸ್ನೇಹಿತ ಲೀಗ್ ಕ್ರಿಕೆಟ್ ಆಡಿದ್ದವನು, ಕರ್ನಾಟಕ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎ ಡಿವಿಶನ್ನಲ್ಲಿ ಒಂದೆರಡು ಸೀಸನ್ನು, ಮಂಡಿ ನೋವಿಗೆ ಬಿಟ್ಟಿದ್ದ. ವಿಡಿಯೋ ಗೇಮ್ ಅಂದ್ರೆ ಅವನಿಗೆ ಆಸಕ್ತೀನೇ ಇಲ್ಲ. ಒಂದು ಸಂಜೆ ಮಳೆ, ಹೊರಗೆ ಹೋಗೋಕಾಗಲ್ಲ, ಕಂಟ್ರೋಲರ್ ತಗೊಂಡ. ನಾನು ಅಷ್ಟು ಹೊತ್ತಿಗೆ ಆ ಗೇಮಲ್ಲಿ ಸುಮಾರು ಒದ್ದಾಡಿದ್ದೆ, ಹೊಡೆಯೋಕೆ ಹೋಗಿ ಔಟು, ಹೊಡೆಯೋಕೆ ಹೋಗಿ ಔಟು. ಇವನು ಮೊದಲನೇ ಓವರಲ್ಲಿ ಬ್ಯಾಟೇ ಬೀಸ್ಲಿಲ್ಲ. ಆಫ್ ಸ್ಟಂಪ್ ಆಚೆ ಬಂದಿದ್ದೆಲ್ಲ ಬಿಟ್ಟ. ಹೊಡಿಯೋ ಅಂದೆ. ಇರು, ಅವನ ಕೈ ಎಲ್ಲಿಂದ ಬರ್ತಿದೆ ನೋಡ್ತಿದೀನಿ ಅಂದ. ಸೋಫಾ ಬಿಟ್ಟು ಟೀವಿ ಹತ್ರ ನೆಲದ ಮೇಲೆ ಕೂತ್ಕೊಂಡ, ಮುಖ ಮುಂದೆ ಚಾಚಿ. ಒಂದು ಬಾಲ್ ಸ್ವಲ್ಪ ಶಾರ್ಟ್ ಬಂತು, ಹಿಂದೆ ಹೋಗಿ ಪಾಯಿಂಟ್ ಕಡೆ ತಳ್ಳಿ ಒಂದು ರನ್ ತಗೊಂಡ, ಆ ಒಂದು ರನ್ನಿಗೆ ಅವನ ಮುಖದಲ್ಲಿ ಬಂದ ಖುಷಿ ನಾನು ಸೈಬರಲ್ಲಿ ನೋಡಿದ ಯಾವ ಸಿಕ್ಸಿಗೂ ಬಂದಿರ್ಲಿಲ್ಲ. ಹಾಸನದ ಅಣ್ಣನಿಗೆ ಈ ಗೇಮ್ ಸಿಕ್ಕಿದ್ರೆ ಬಹುಶಃ ಅವತ್ತು ಎದ್ದೇ ಹೋಗ್ತಿರ್ಲಿಲ್ಲ.

ಗಮನಿಸಬೇಕಾಗಿರೋದು ಏನಂದ್ರೆ, ಅಲ್ಲಿ ಬದಲಾಗಿದ್ದು ಫಿಸಿಕ್ಸ್ ಒಂದೇ ಅಲ್ಲ. ಒಂದು ಗುರುತು ತೆಗೆದಿದ್ದಕ್ಕೆ ಬೌಲರ್ ಅನಿಮೇಶನ್ನಿಗೆ ಕೆಲಸ ಬಂತು. ಮೊದಲು ಅಲಂಕಾರವಾಗಿದ್ದ ಕೈ ಈಗ ಓದಬೇಕಾದ ಕೈ ಆಯ್ತು. ಪ್ರೆಸೆಂಟೇಶನ್ ಅಂತ ಒಂದು ಡಬ್ಬಿಗೆ ಹಾಕಿದ್ದು ಗೇಮ್‌ಪ್ಲೇ ಡಬ್ಬಿಗೆ ಜಾರಿಕೊಳ್ತು. ಬೌಲರ್ ಮುಖ ಆಸ್ಟ್ರೇಲಿಯಾದ ಸ್ಟಾರ್ಕ್ ಥರ ಇರ್ದಿದ್ರೂ ಅವನು ಬಾಲ್ ಬಿಡೋ ಜಾಗ ಎತ್ತರದಲ್ಲಿದ್ರೆ, ಎಡಗೈ ಕೋನ ಸರಿಯಿದ್ರೆ, ಅದು ನನ್ನ ಆಫ್ ಸ್ಟಂಪಿಗೆ ಏನ್ ಮಾಡುತ್ತೆ ಅನ್ನೋದು ನನಗೆ ಮುಖ್ಯ. ಆ ಮುಖವೂ ಇದ್ರೆ ಸಂತೋಷ, ಬೇಡ ಅಂತ ನಾನ್ಯಾಕೆ ಹೇಳ್ಲಿ.

ಎಷ್ಟು ನಿಜ ಸಾಕು

ಪೂರ್ತಿ ನಿಜ ಅಂತೂ ಯಾರಿಂದಲೂ ಆಡೋಕಾಗಲ್ಲ, ಇದನ್ನ ರಿಯಲಿಸಂ ಬೇಕು ಅಂತ ಕೂಗೋರು, ಅಂದ್ರೆ ನನ್ನಂಥೋರು, ಮರೀಬಾರ್ದು. ಕ್ರೀಸಿಂದ ಕ್ರೀಸಿಗೆ 17.68 ಮೀಟರು. 140 ಕಿಲೋಮೀಟರ್ ವೇಗದ ಬಾಲ್ ಅಷ್ಟು ದೂರ ಬರೋಕೆ ಅರ್ಧ ಸೆಕೆಂಡೂ ಬೇಡ. ವರ್ಷಗಟ್ಟಲೆ ನೆಟ್ಸಲ್ಲಿ ಬೆವರು ಸುರಿಸಿದ ಕಣ್ಣು ಬೌಲರ್ ಓಟ, ಭುಜ, ಮಣಿಕಟ್ಟು ನೋಡಿ ಬಾಲ್ ಬಿಡೋಕೆ ಮುಂಚೇನೇ ಅರ್ಧ ಲೆಕ್ಕ ಹಾಕಿರುತ್ತೆ. ಆಫೀಸಿಂದ ಬಂದು ಸೋಫಾ ಮೇಲೆ ಬಿದ್ದಿರೋ ನನ್ನ ಹೆಬ್ಬೆರಳಿಗೆ ಆ ಅಭ್ಯಾಸ ಇಲ್ಲ. ಹಾಗಾಗಿ ಗೇಮು ಎಲ್ಲೋ ಒಂಚೂರು ಸಮಯ ಸೇರಿಸಲೇಬೇಕು, ಸುಳಿವು ಕೊಡಲೇಬೇಕು. ಸುಳಿವು ಎಲ್ಲಿಡ್ತೀಯ ಅನ್ನೋದೇ ವಿಷಯ. ನೆಲದ ಮೇಲಿಟ್ರೆ ಆಟ ಸತ್ತು ಹೋಗುತ್ತೆ, ಬೌಲರ್ ಕೈಯಲ್ಲಿಟ್ರೆ ಬದುಕುತ್ತೆ.

ಸಮಯದ್ದೂ ಇದೇ ಕಥೆ. ಟೆಸ್ಟ್ ಅಂದ್ರೆ ದಿನಕ್ಕೆ 90 ಓವರ್ ಲೆಕ್ಕದಲ್ಲಿ ಐದು ದಿನಕ್ಕೆ 450 ಓವರು. ನಾವು ಆಡೋದು ಐದು ಓವರ್ ಮ್ಯಾಚು. ಐದು ಓವರಲ್ಲಿ ಯಾವ ಬ್ಯಾಟ್ಸ್‌ಮನ್ನೂ ಬಾಲ್ ಬಿಡಲ್ಲ, ಯಾವ ಬೌಲರೂ ಸುಸ್ತಾಗಲ್ಲ, ಬಾಲ್ ಹಳೇದಾಗಲ್ಲ, ಪಿಚ್ ಒಡೆಯಲ್ಲ. ಗೇಮ್ ಮಾಡೋರು ಎಷ್ಟು ಕಷ್ಟಪಟ್ಟು ಹಳೇ ಬಾಲಿನ ರಿವರ್ಸ್ ಸ್ವಿಂಗ್ ಹಾಕಿದ್ರೂ ಅದು ಐದು ಓವರ್ ಆಡೋನಿಗೆ ಕಾಣೋದೇ ಇಲ್ಲ. ಬ್ಯಾಸ್ಕೆಟ್‌ಬಾಲ್ ಗೇಮ್ ಆಡೋ ಅಮೆರಿಕದ ಜನರಿಗೂ ಇದೇ ತಲೆನೋವು, ನಿಜವಾದ ಎನ್‌ಬಿಎ ಮ್ಯಾಚು 48 ನಿಮಿಷ, ಗೇಮಲ್ಲಿ ಆಡೋದು ಅದರಲ್ಲಿ ಒಂದು ಭಾಗ, ಆದ್ರೂ ಸ್ಕೋರ್ ನಿಜವಾದ ಮ್ಯಾಚಿನ ಹಾಗೆ ಬರ್ಬೇಕು ಅನ್ನೋರು ಗೇಮಿನ ವೇಗ, ಕಷ್ಟ ಹೊಂದಿಸೋ ಸ್ಲೈಡರ್‌ಗಳನ್ನ ಎಳೆದು ತಿದ್ದಿ ಎಳೆದು ತಿದ್ದಿ ತಮಗೆ ಬೇಕಾದ ಹದಕ್ಕೆ ತಂದ್ಕೋತಾರೆ. ನನಗೆ ಅವರ ಆ ಶ್ರಮದ ಬಗ್ಗೆ ತುಂಬ ಗೌರವ ಇದೆ. ಗೇಮ್ ಮಾಡೋರು ಕೊಟ್ಟಿದ್ದನ್ನ ಹಂಗೇ ತಗೊಳ್ಳದೇ ತಮ್ಮ ಆಟಾನ ತಾವೇ ಕಟ್ಕೊಳ್ಳೋರು ಅವರು.

ಬಟ್ಟೆ ನಾವು ಹೊಲ್ಕೋತೀವಿ

ಪ್ಲೇಸ್ಟೇಶನ್ 2 ಕಾಲದ ಪ್ರೋ ಎವಲ್ಯೂಶನ್ ಸಾಕರ್, ಕೊನಾಮಿ ಕಂಪನಿಯ ಫುಟ್‌ಬಾಲ್ ಗೇಮು, ಆಡಿದೋರಿಗೆ ಗೊತ್ತು, ಲಿವರ್‌ಪೂಲ್ ಹೆಸರು ಅದ್ರಲ್ಲಿ ಮರ್ಸಿಸೈಡ್ ರೆಡ್. ಎದುರಾಳಿ ಗೇಮು ಫಿಫಾ ಹತ್ರ ಲೈಸೆನ್ಸು, ಹೆಸರು, ಲೀಗು ಎಲ್ಲಾ ಇತ್ತು, ಆದ್ರೂ ಜಿದ್ದಿಗೆ ಬಿದ್ದು ಆಡೋ ಜನ ಎಷ್ಟೋ ಮಂದಿ ಕೊನಾಮಿಯವರ ಗೇಮನ್ನೇ ಹಿಡ್ಕೊಂಡಿದ್ರು, ಯಾಕಂದ್ರೆ ಅದ್ರಲ್ಲಿ ಪಾಸ್ ಕೊಟ್ರೆ ಪಾಸ್ ಕೊಟ್ಟ ಹಾಗೆ ಇರ್ತಿತ್ತು. ಹೆಸರು, ಬ್ಯಾಡ್ಜು, ಜೆರ್ಸಿ ಇವೆಲ್ಲ ಅಭಿಮಾನಿಗಳೇ ಆಪ್ಶನ್ ಫೈಲ್ ಅನ್ನೋ ತಿದ್ದುಪಡಿ ಫೈಲ್ ಮಾಡಿ ಹಂಚಿಕೊಂಡ್ರು. ನಮ್ಮ ಕ್ರಿಕೆಟ್ 07 ಪ್ಯಾಚ್‌ಗಳದ್ದೂ ಅದೇ ಕಥೆ, ಬ್ರಾಡ್ಮನ್ 14ರ ಅಕಾಡೆಮಿದೂ ಅದೇ. ಅಭಿಮಾನಿಗಳು ಹೆಸರು ತಿದ್ದಬಲ್ಲರು, ಜೆರ್ಸಿ ಹೊಲೀಬಲ್ಲರು, ಸ್ಟೇಡಿಯಂ ಕಟ್ಟಬಲ್ಲರು. ಆದ್ರೆ ಕ್ರಿಕೆಟ್ 07ರ ಎದುರಾಳಿ ಟೀಮಿಗೆ ಸರಿಯಾಗಿ ಫೀಲ್ಡ್ ಹಾಕೋ ಬುದ್ಧಿ ಕೊಡೋಕೆ ಅಷ್ಟು ವರ್ಷದಲ್ಲಿ ಯಾವ ಪ್ಯಾಚಿಂದಲೂ ಪೂರ್ತಿ ಆಗ್ಲಿಲ್ಲ. ಎಂಜಿನ್ ಒಳಗಿನದ್ದು ಮಾಡಿದೋರೇ ಮಾಡ್ಬೇಕು. ಹಂಗಾಗಿ ದುಡ್ಡು ಕಮ್ಮಿ ಇದ್ರೆ ಎಲ್ಲಿ ಸುರೀಬೇಕು ಅನ್ನೋದು ನನಗೆ ಸ್ಪಷ್ಟ.

ಉಲ್ಟಾ ಆದಾಗ ಏನಾಗುತ್ತೆ ಅನ್ನೋದಕ್ಕೆ ಆ್ಯಶಸ್ ಕ್ರಿಕೆಟ್ 2013 ಇದೆ. ಅಧಿಕೃತ ಲೈಸೆನ್ಸು, ಇಂಗ್ಲೆಂಡ್ ಆಸ್ಟ್ರೇಲಿಯಾ ನಡುವಿನ ದೊಡ್ಡ ಟೆಸ್ಟ್ ಸರಣಿಯ ಹೆಸರು. ಆ ನವೆಂಬರಲ್ಲಿ ಸ್ಟೀಮ್ ಅನ್ನೋ ಆನ್‌ಲೈನ್ ಗೇಮ್ ಅಂಗಡೀಲಿ ಬಂತು, ಫೀಲ್ಡರ್‌ಗಳು ಬಾಲ್ ಬಿಟ್ಟು ಎಲ್ಲೆಲ್ಲೋ ಓಡೋ ವಿಡಿಯೋಗಳು ಹರಿದಾಡಿದ್ವು, ಕೆಲವೇ ದಿನದಲ್ಲಿ ಪ್ರಕಾಶಕರೇ ವಾಪಸ್ ತಗೊಂಡ್ರು. ಲೈಸೆನ್ಸ್ ಅನ್ನೋದು ಒಂದು ಗೇಮನ್ನ ಮಾರಬಲ್ಲದು, ಆಡಿಸಲಾರದು.

ಹಾಗಂತ ಪ್ರೆಸೆಂಟೇಶನ್ ಅಂದ್ರೆ ದಂಡ ಅಂತ ನಾನು ಹೇಳ್ತಿಲ್ಲ, ಈ ಜಾಗದಲ್ಲಿ ಜೋರಾಗಿ ಉಲ್ಟಾ ಹೇಳ್ಬೇಕು. 2004ರಲ್ಲಿ ಬಂದ ಇಎಸ್‌ಪಿಎನ್ ಎನ್‌ಎಫ್‌ಎಲ್ 2ಕೆ5 ಅನ್ನೋ ಅಮೆರಿಕನ್ ಫುಟ್‌ಬಾಲ್ ಗೇಮನ್ನ ಅಲ್ಲಿನ ಜನ ಇವತ್ತಿಗೂ ನೆನಸ್ಕೋತಾರೆ. 19.99 ಡಾಲರಿಗೆ ಮಾರಿದ್ರು, ಆಗ ಬೇರೆ ಗೇಮ್‌ಗಳ ಬೆಲೇಲಿ ಅರ್ಧಕ್ಕಿಂತ ಕಮ್ಮಿ. ಅದೇ ವರ್ಷ ಡಿಸೆಂಬರಲ್ಲಿ ಇಎ ಸಂಸ್ಥೆ ಅಲ್ಲಿನ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಜೊತೆ ಏಕಸ್ವಾಮ್ಯದ ಒಪ್ಪಂದ ಮಾಡ್ಕೊಂಡು ಆ ಸರಣಿ ಅಲ್ಲಿಗೇ ನಿಂತೋಯ್ತು, ಅದು ಬೇರೆ ಕಥೆ. ಆ ಗೇಮಲ್ಲಿ ಹಾಫ್‌ಟೈಮಿಗೆ ಕ್ರಿಸ್ ಬರ್ಮನ್ ಬರೋನು, ಇಎಸ್‌ಪಿಎನ್ ಟೀವೀಲಿ ನಿಜವಾಗ್ಲೂ ಕಾಣಿಸೋ ಮನುಷ್ಯ, ಬಂದು ನೀನು ಈಗಷ್ಟೇ ಆಡಿದ ಮೊದಲರ್ಧದ ಹೈಲೈಟ್ಸ್ ತೋರಿಸೋನು. ನಿನ್ನ ಟಚ್‌ಡೌನು, ನಿನ್ನ ಕೈತಪ್ಪಿದ ಬಾಲು. ಅದನ್ನ ಸ್ಕಿಪ್ ಮಾಡೋಕೆ ಮನಸ್ಸು ಬರುತ್ತಾ? ಅಲ್ಲಿ ದುಡ್ಡು ಸುರಿದಿದ್ದು ಹೊಳಪಿಗಲ್ಲ, ನೆನಪಿಗೆ. ಗೇಮು ನನ್ನನ್ನ ನೋಡ್ತಿತ್ತು, ನಾನು ಮಾಡಿದ್ದನ್ನ ಇಟ್ಕೊಂಡಿತ್ತು, ಸರಿಯಾದ ಹೊತ್ತಿಗೆ ವಾಪಸ್ ಕೊಡ್ತು.

ಎನ್‌ಬಿಎ 2ಕೆ11 ಅನ್ನೋ ಬ್ಯಾಸ್ಕೆಟ್‌ಬಾಲ್ ಗೇಮಲ್ಲಿ ಮೈಕಲ್ ಜೋರ್ಡನ್ನನ ಹತ್ತು ಹಳೇ ಮ್ಯಾಚ್‌ಗಳನ್ನ ಆಡೋ ಭಾಗ ಇತ್ತು. ಅದ್ರಲ್ಲಿ ಒಂದು 1986ರ ಬಾಸ್ಟನ್ ಸೆಲ್ಟಿಕ್ಸ್ ವಿರುದ್ಧದ್ದು, ಅವನು 63 ಪಾಯಿಂಟ್ ಹೊಡೆದಿದ್ದು. ಹಳೇ ಜೆರ್ಸಿ, ಹಳೇ ಆಟಗಾರರು, ಎಲ್ಲಾ ಇದೆ, ಆದ್ರೆ ಬರೀ ನೋಡೋಕಲ್ಲ, ನೀನೂ ಆ 63 ಮುಟ್ಟಬೇಕು. ಇತಿಹಾಸ ಅಲ್ಲಿ ಗುರಿ ಆಗಿಬಿಡುತ್ತೆ. ಕ್ರಿಕೆಟ್ 07ರಲ್ಲೂ 2005ರ ಆ್ಯಶಸ್ ಸನ್ನಿವೇಶಗಳನ್ನ ಮತ್ತೆ ಆಡೋ ಮೋಡ್ ಇತ್ತು, ಇಂಗ್ಲೆಂಡ್ ಎಜ್‌ಬಾಸ್ಟನ್ ಟೆಸ್ಟನ್ನ 2 ರನ್ನಿಂದ ಗೆದ್ದ ಸರಣಿ ಅದು. ಸೈಬರಲ್ಲಿ ಅದನ್ನ ಆಡ್ತಿದ್ದೋರು ಕಮ್ಮಿ, ಎಲ್ಲರಿಗೂ ಇಂಡಿಯಾನೇ ಬೇಕಾಗಿತ್ತು. ನನಗೆ ಮಾತ್ರ ಆ ಗೇಮಿನ ಅತಿ ಒಳ್ಳೇ ಯೋಚನೆ ಅದೇ ಅನ್ಸುತ್ತೆ.

ಕಾಮೆಂಟರಿ ಅನ್ನೋ ಕಷ್ಟದ ಕೆಲಸ

ಗೇಮ್ ಕಾಮೆಂಟರಿ ಹೆಂಗೆ ಮಾಡ್ತಾರೆ ಅಂತ ಯೋಚಿಸಿದ್ರೆ ಅದು ಬೇಗ ಹಳಸೋದಕ್ಕೆ ಕಾರಣ ಗೊತ್ತಾಗುತ್ತೆ. ಕಾಮೆಂಟೇಟರು ಸ್ಟುಡಿಯೋದಲ್ಲಿ ಕೂತು ಸಾವಿರಗಟ್ಟಲೆ ತುಂಡು ಮಾತು ಹೇಳ್ತಾರೆ, ಹೆಸರು ಬೇರೆ, ವಾಕ್ಯ ಬೇರೆ, ಗೇಮು ಆಡೋವಾಗ ಅದನ್ನ ಜೋಡಿಸುತ್ತೆ. ಬೆನೋ ಅಂಥ ಮಹಾನುಭಾವರ ದನಿ ಇದ್ರೂ ಅದೇ ಮಾತು ಹತ್ತನೇ ಸಲ ಬಂದಾಗ ಕಿವಿ ಮುಚ್ಚಿಕೊಳ್ಳುತ್ತೆ. ಅದು ದನಿಯ ತಪ್ಪಲ್ಲ. ಅವರು ಮ್ಯಾಚ್ ನೋಡ್ತಿಲ್ಲ ಅಷ್ಟೇ. ಯಕ್ಷಗಾನದಲ್ಲಿ ಭಾಗವತರು ಹಾಡೋವಾಗ ಒಂದು ಕಣ್ಣು ವೇಷಧಾರಿಯ ಕಾಲ ಮೇಲೇ ಇರುತ್ತಲ್ಲ, ಕುಣಿಯೋನಿಗೆ ಇನ್ನೊಂದು ಸುತ್ತು ಬೇಕು ಅಂದ್ರೆ ಪದ ಇನ್ನೊಂದ್ಸಲ ಎತ್ತಿಕೊಡ್ತಾರೆ, ಕಾಮೆಂಟರಿ ಆ ಥರ ಇರ್ಬೇಕು ಅನ್ನೋದು ನನ್ನ ಆಸೆ. ಹೊಸ ಮಾತು ಹತ್ತು ಸಾವಿರ ಬೇಡ. ಕಳೆದ ಇನಿಂಗ್ಸಲ್ಲೂ ಇವನು ಇದೇ ಬೌಲರಿಗೆ ಇದೇ ಶಾಟಿಗೆ ಔಟಾಗಿದ್ದು ಅಂತ ಒಂದು ಮಾತು ಸರಿಯಾದ ಹೊತ್ತಿಗೆ ಬಂದ್ರೆ ಸಾಕು, ನಾನು ಮುಂದಿನ ಬಾಲ್ ಡ್ರೈವ್ ಮಾಡೋಕೆ ಹೋಗಲ್ಲ.

ಕನ್ನಡದಲ್ಲಿ ಕಾಮೆಂಟರಿ ಬರ್ಲಿ ಅನ್ನೋ ಆಸೆ ನನಗೂ ಇದೆ. 2018ರ ಐಪಿಎಲ್‌ನಲ್ಲಿ ಟೀವೀಲಿ ಕನ್ನಡ ಬಂದಾಗ ನಮ್ಮನೇಲಿ ಅಮ್ಮ ಮೊದಲನೇ ಸಲ ಪೂರ್ತಿ ಇನಿಂಗ್ಸ್ ಕೂತು ನೋಡಿದ್ರು, ಕಾಮೆಂಟರಿಯಲ್ಲಿದ್ದ ಮಾಜಿ ಆಟಗಾರ ವಿಜಯ್ ಭಾರದ್ವಾಜ್ ಫೀಲ್ಡಿಂಗ್ ಬಗ್ಗೆ ವಿವರಿಸಿದ್ದನ್ನ ನನಗೆ ತಿರುಗಿ ಹೇಳಿಕೊಟ್ರು. ಆದ್ರೆ ಗೇಮಲ್ಲಿ ತರ್ಬೇಕು ಅಂದ್ರೆ ಇಂಗ್ಲಿಷಿನ ಸಾಲುಗಳನ್ನ ಕನ್ನಡ ಮಾಡಿ ಓದಿಸಿದ್ರೆ ನಡೆಯಲ್ಲ. ಇಂಗ್ಲಿಷಲ್ಲಿ ಹೆಸರನ್ನ ಒಂದೆರಡು ಏರಿಳಿತದಲ್ಲಿ ರೆಕಾರ್ಡ್ ಮಾಡಿ ಯಾವ ವಾಕ್ಯಕ್ಕೆ ಬೇಕಾದ್ರೂ ಸಿಗಿಸಬಹುದು. ನಮ್ಮಲ್ಲಿ ಹೆಸರಿಗೆ ವಿಭಕ್ತಿ ಅಂಟಿಕೊಳ್ಳುತ್ತೆ, ರಾಹುಲ್‌ಗೆ, ರಾಹುಲ್ಲಿಂದ, ರಾಹುಲ್ಲನ್ನ, ಜಡೇಜಾಗೆ, ಜಡೇಜಾನಿಂದ. ಒಂದೊಂದು ಹೆಸರಿಗೂ ಅಷ್ಟೂ ರೂಪ ಹೇಳಿಸ್ಬೇಕು, ಇಲ್ಲಾ ಅಂದ್ರೆ ಹೆಸರು ಒಂಟಿಯಾಗಿ ನಿಲ್ಲೋ ಹಾಗೆ ವಾಕ್ಯ ಕಟ್ಟಬೇಕು. ಬೌಲಿಂಗ್‌ನಲ್ಲಿ ಸಿರಾಜ್, ಎದುರಿಗೆ ರೂಟ್, ಈ ಥರ. ರೇಡಿಯೋ ಕಾಮೆಂಟರಿ ಕೇಳಿ ಬೆಳೆದೋರಿಗೆ ಇದು ಹೊಸದಲ್ಲ, ಅವರ ಕಾಮೆಂಟರಿ ಎಷ್ಟೋ ಹೊತ್ತು ಹಿಂಗೇ ಚುಟುಕಾಗಿ ಓಡ್ತಿತ್ತು. ಯಾರಾದ್ರೂ ಮಾಡಿದ್ರೆ ಆ ಕಿವಿ ಇರೋರನ್ನ ಬರೆಯೋಕೆ ಕೂರಿಸ್ಬೇಕು, ಬರೀ ಹೆಸರುವಾಸಿ ದನಿ ಸಾಲಲ್ಲ.

ಎರಡು ಬಾಲ್ ನಡುವೆ

ಕ್ರಿಕೆಟ್ಟಿನ ವಿಚಿತ್ರ ಏನಂದ್ರೆ ಹೆಚ್ಚು ಹೊತ್ತು ಏನೂ ನಡೀತಿರಲ್ಲ. ಬಾಲ್ ಓಡಾಡೋದು ಕೆಲವೇ ಸೆಕೆಂಡು, ಮಿಕ್ಕಿದ್ದೆಲ್ಲ ಬೌಲರ್ ವಾಪಸ್ ನಡೆಯೋದು, ಕ್ಯಾಪ್ಟನ್ ಕೈ ಆಡಿಸೋದು, ಬ್ಯಾಟ್ಸ್‌ಮನ್ ಪಿಚ್ ತಟ್ಟೋದು. ಬ್ಯಾಸ್ಕೆಟ್‌ಬಾಲ್ ಫುಟ್‌ಬಾಲ್ ಗೇಮ್‌ಗಳಿಗೆ ಈ ಸಮಸ್ಯೆ ಇಷ್ಟಿಲ್ಲ. ಪ್ರೆಸೆಂಟೇಶನ್ ಕೂರೋದು ಈ ಬಿಡುವಲ್ಲೇ, ಸ್ಕಿಪ್ ಬಟನ್ ಇರೋದೂ ಈ ಬಿಡುವಿಗೇ. ಮೊಬೈಲ್ ಗೇಮ್‌ಗಳು ಆ ಬಿಡುವನ್ನ ಜಾಹೀರಾತಿಗೆ ಕೊಟ್ಟುಬಿಟ್ಟಿವೆ. ಕನ್ಸೋಲ್ ಗೇಮ್‌ಗಳು ಸಂಭ್ರಮ ಪಡೋ ಜನಕ್ಕೆ, ಆಕಾಶ ನೋಡೋ ಬ್ಯಾಟ್ಸ್‌ಮನ್ನಿಗೆ ಕೊಟ್ಟಿವೆ. ನಿಜವಾದ ಮ್ಯಾಚಲ್ಲಿ ಆ ಬಿಡುವಲ್ಲೇ ಅಲ್ವಾ ಆಟ ನಡೆಯೋದು? ಸ್ಲಿಪ್ಪಿಂದ ಒಬ್ಬನನ್ನ ತೆಗೆದು ಶಾರ್ಟ್ ಲೆಗ್ಗಿಗೆ ಹಾಕಿದ್ರೆ ಬೌನ್ಸರ್ ಬರುತ್ತೇನೋ ಅಂತ ಎದೆ ಹೊಡ್ಕೊಳ್ಳುತ್ತೆ. ಕ್ಯಾಮೆರಾ ಅದನ್ನ ತೋರಿಸ್ಲಿ. ಬೌಲರ್ ನಡಿಗೆ ನಿಧಾನ ಆಗಿದ್ರೆ ಅದು ಅವನ ಮುಂದಿನ ಬಾಲಿನ ವೇಗದಲ್ಲೂ ಕಾಣ್ಲಿ. ಹಿಂದಿನ ಓವರಿನ ಆರು ಬಾಲ್ ಎಲ್ಲೆಲ್ಲಿ ಬಿತ್ತು ಅನ್ನೋ ನಕ್ಷೆ ಬಾಲ್ ಬಿದ್ದ ಮೇಲೆ ಬರ್ಲಿ, ಮೊದ್ಲೇ ಬೇಡ. ಇತ್ತೀಚಿನ ಗೇಮ್‌ಗಳಲ್ಲಿ ಇದ್ರಲ್ಲಿ ಕೆಲವು ಇವೆ, ಆದ್ರೆ ಮೆನು ಒಳಗೆ ಎಲ್ಲೋ ಹೋಗಿ ಹುಡುಕ್ಬೇಕು, ಸಿಡಿಮದ್ದು ಮಾತ್ರ ಕೇಳದೇ ಬರುತ್ತೆ.

ಸ್ಟೇಡಿಯಂ ವಿಷಯಾನೂ ಹಿಂಗೇ ನೋಡಿ. ಬಿಗ್ ಆ್ಯಂಟ್‌ನವರ ಗೇಮ್‌ಗಳಲ್ಲಿ ಸ್ಟೇಡಿಯಂ ಕಟ್ಟೋ ಸಾಧನ ಬಂದ್ಮೇಲೆ ಅಭಿಮಾನಿಗಳು ಚಿನ್ನಸ್ವಾಮಿ ಕಟ್ಟಿ ಹಾಕಿದ್ರು, ಸ್ಟ್ಯಾಂಡ್‌ಗಳ ಆಕಾರ ನೋಡಿದ ತಕ್ಷಣ ನಮ್ಮದೇ ಅಂತ ಗೊತ್ತಾಗುತ್ತೆ, ನೋಡಿ ಖುಷಿಯಾಯ್ತು. ಆದ್ರೆ ಚಿನ್ನಸ್ವಾಮಿ ಚಿನ್ನಸ್ವಾಮಿ ಆಗಿರೋದು ಸ್ಟ್ಯಾಂಡಿಂದಲ್ಲ. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿ ತೆಳು, ಬೌಂಡ್ರಿ ಹತ್ರ, ಹಂಗಾಗಿ 2013ರಲ್ಲಿ ಗೇಲ್ 66 ಬಾಲಿಗೆ 175 ಹೊಡೆದಿದ್ದು ಅಲ್ಲೇ, 2024ರಲ್ಲಿ ಸನ್‌ರೈಸರ್ಸ್ 287 ಹೊಡೆದಾಗ ಆರ್‌ಸಿಬಿ ಅದನ್ನ ಬೆನ್ನಟ್ಟಿ 262ರವರೆಗೂ ಹೋಗಿದ್ದೂ ಅಲ್ಲೇ. ಅಲ್ಲಿ ಬೌಲ್ ಮಾಡೋ ಕ್ಯಾಪ್ಟನ್ನಿಗೆ 200 ಅಂದ್ರೆ ನೆಮ್ಮದಿ ಇಲ್ಲ. ಗೇಮಲ್ಲಿ ಆ ಮೈದಾನಕ್ಕೆ ಹೋದಾಗ ನನಗೆ ಆ ಭಯ ಆಗ್ಬೇಕು. ಮಿಸ್‌ಹಿಟ್ಟೂ ಹಗ್ಗ ದಾಟಬಹುದು ಅಂತ ಫೀಲ್ಡರನ್ನ ಎಲ್ಲಿ ಹಾಕ್ಲಿ ಅಂತ ಒದ್ದಾಡ್ಬೇಕು, ಸ್ಪಿನ್ನರ್ ಕೈಗೆ ಬಾಲ್ ಕೊಡೋಕೆ ಮುಂಚೆ ಎರಡು ಸಲ ಯೋಚಿಸ್ಬೇಕು. ಸ್ಪಿನ್ ತಿರುಗೋ ಚೆನ್ನೈನ ಚೆಪಾಕಿಗೆ ಹೋದಾಗ ಅದೇ ಸ್ಪಿನ್ನರನ್ನ ಧೈರ್ಯವಾಗಿ ಮೊದ್ಲೇ ತರೋ ಹಾಗಿರ್ಬೇಕು. ಅಷ್ಟಾದ್ರೆ ಸ್ಟ್ಯಾಂಡ್ ಮೇಲೆ ಬಣ್ಣ ಬಳಿದವನ ಕೆಲಸಕ್ಕೂ ಬೆಲೆ ಬರುತ್ತೆ, ಯಾಕಂದ್ರೆ ಆಗ ನಾನು ಬೌಲಿಂಗ್ ಬದಲಾಯಿಸೋಕೆ ಮುಂಚೆ ತಲೆಯೆತ್ತಿ ಯಾವ ಊರಲ್ಲಿದೀನಿ ಅಂತ ನೋಡ್ಕೊಳ್ಳಲೇಬೇಕಾಗುತ್ತೆ.